ಆಟಿಯಲ್ಲಿ ಬಂದ ಪಿಕಪ್

ಕೊಟೇಶನ್ನಿನ ಕೊನೆಯ ಸಾಲು ಪ್ರಿಂಟ್ ಆಗಿರಲಿಲ್ಲ. ನೀಲಿ ಪೆನ್ನಿನಲ್ಲಿ ಬರೆದದ್ದು. ‘ಇತರೆ 9,000’.

“ಇತರೆ ಅಂದ್ರೆ ಎಂತ?” ಎಂದು ಭಾವ ಕೇಳಿದರು.

“ಅದು ಎಲ್ಲರಿಗೂ ಉಂಟು ಸರ್,” ಎಂದ ಸೇಲ್ಸ್ ಹುಡುಗ.

ಇದು 2022ರ ಮಾರ್ಚ್ ತಿಂಗಳ ಮಾತು, ಉಡುಪಿಯ ಒಂದು ಶೋರೂಂನಲ್ಲಿ. ಯಾವ ಕಂಪನಿಯದ್ದು ಎಂದು ಬರೆಯುವುದಿಲ್ಲ. ನಮ್ಮಲ್ಲಿ ಕಂಪನಿ ಹೇಳಿದರೆ ಶೋರೂಂ ಹೇಳಿದ ಹಾಗೆ, ಶೋರೂಂ ಹೇಳಿದರೆ ಆ ಹುಡುಗ ಯಾರ ಮಗ ಎಂಬುದೂ ಗೊತ್ತಾಗಿಬಿಡುತ್ತದೆ. ಸುಮ್ನೆ ಯಾಕೆ? ಬೊಲೆರೊ ಪಿಕಪ್, ಟಾಟಾ ಯೋಧ, ಇಂಟ್ರಾ, ಅಶೋಕ್ ಲೇಲ್ಯಾಂಡ್ ದೋಸ್ತ್ ಇರುವ ಸಾಲಿನದ್ದೇ ಒಂದು ಡೀಸೆಲ್ ಪಿಕಪ್ ಅಂದುಕೊಳ್ಳಿ. ಬೆಲೆ ಒಂಬತ್ತು ಲಕ್ಷದ ಆಸುಪಾಸು.

ಭಾವನದ್ದು ಮೀನಿನ ವ್ಯಾಪಾರ. ಬೆಳಗ್ಗೆ ಮಲ್ಪೆ ಬಂದರಿನಲ್ಲಿ ಏಲಂ ಹಿಡಿದು, ಬೂತಾಯಿ, ಬಂಗುಡೆ, ಸಿಕ್ಕಿದರೆ ಅಂಜಲ್, ಎಲ್ಲ ಐಸ್ ಹಾಕಿ ಕಾರ್ಕಳ, ಹೆಬ್ರಿ ಕಡೆ ಅಂಗಡಿಗಳಿಗೆ ಕೊಟ್ಟು ಬರುತ್ತಾರೆ. ಗಾಡಿ ಓಡಿಸುವುದೂ ಅವರೇ. ಹಳೆಯ ಪಿಕಪ್ 2009ರದ್ದು. ಇಂಜಿನ್ ಇನ್ನೂ ಗಟ್ಟಿ, ಆದರೆ ಮೀನಿನ ಪೆಟ್ಟಿಗೆಯಿಂದ ಹದಿಮೂರು ವರ್ಷ ಸೋರಿದ ಉಪ್ಪುನೀರು ಡೆಕ್ಕನ್ನು ತಿಂದುಹಾಕಿತ್ತು. ಹಿಂದಿನ ಚಕ್ರದ ಮೇಲಿನ ತಗಡಿಗೆ ಹೆಬ್ಬೆರಳು ಒತ್ತಿದರೆ ಹಪ್ಪಳದ ಹಾಗೆ ಒಳಗೆ ಹೋಗುತ್ತಿತ್ತು. ಎಂಟು ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಓಡಿಸಲು ಯೋಗ್ಯ ಎಂಬ ಸರ್ಟಿಫಿಕೇಟ್, ಅಂದರೆ ಎಫ್‌ಸಿ ಆಗಬೇಕು. ಅವರ ಎಫ್‌ಸಿ ಮುಗಿಯುವುದು ಜುಲೈಯಲ್ಲಿ. ಚಾಸಿಸ್‌ಗೆ ವೆಲ್ಡಿಂಗ್, ಹೊಸ ಡೆಕ್, ಪೇಂಟ್ ಎಲ್ಲ ಲೆಕ್ಕ ಹಾಕಿದ ಗ್ಯಾರೇಜಿನವ, “ಇದಕ್ಕೆ ಹಾಕುವ ದುಡ್ಡು ಹೊಸದರ ಡೌನ್ ಪೇಮೆಂಟ್‌ಗೆ ಹಾಕಿ ಮಾರಾಯ್ರೆ” ಅಂದಿದ್ದ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಮಲ್ಪೆಯಲ್ಲಿ ಬೋಟು ಒಂದಕ್ಕೊಂದು ತಾಗಿಸಿ ಕಟ್ಟಿರುತ್ತಾರೆ. ಭಾವನ ಗಾಡಿಗೂ ಆಗ ರಜೆ. ಹಾಗಾಗಿ ಗಾಡಿ ಜುಲೈ ಕೊನೆಗೆ ಬಂದರೆ ಸಾಕು, ಆದರೆ ಆಗಸ್ಟ್ 1ಕ್ಕೆ ಮನೆ ಮುಂದೆ ಇರಲೇಬೇಕು. ಮಾರ್ಚ್‌ನಲ್ಲಿ ಬುಕ್ ಮಾಡಿದರೆ ನಾಲ್ಕೂವರೆ ತಿಂಗಳು ಇತ್ತು. ಧಾರಾಳ ಆಯಿತು ಅಂತ ನಾವು ಅಂದುಕೊಂಡೆವು.

ಇಲ್ಲಿ ನಮ್ಮ ಮೊದಲ ತಪ್ಪು. ಆ ಶೋರೂಂನಲ್ಲಿ ಕಾಫಿ ಕುಡಿಯುತ್ತಾ ಭಾವ ಇದೆಲ್ಲವನ್ನೂ ಬಾಯಿಬಿಟ್ಟು ಹೇಳಿದರು. ರಜೆ ಯಾವಾಗ ಮುಗಿಯುತ್ತದೆ, ಎಫ್‌ಸಿ ಯಾವಾಗ, ಹಳೆಯ ಗಾಡಿ ಓಡುವುದಿಲ್ಲ, ಎಲ್ಲ. ಪಕ್ಕದಲ್ಲಿ ಕೂತ ನಾನೂ ತಲೆ ಆಡಿಸಿದೆ.

ಕೊಟೇಶನ್ ಹೀಗಿತ್ತು. ಎಕ್ಸ್ ಶೋರೂಂ 8,92,000. ಟ್ಯಾಕ್ಸ್, ರಿಜಿಸ್ಟ್ರೇಷನ್ ಬೇರೆ, ಅದು ಸರ್ಕಾರಕ್ಕೆ ಹೋಗುವುದು, ಅದರಲ್ಲಿ ತಕರಾರಿಲ್ಲ. ಆಮೇಲೆ ವಿಮೆ 46,800. ಆಕ್ಸೆಸರಿ ಕಿಟ್ 18,500. ಹ್ಯಾಂಡ್ಲಿಂಗ್ 12,000. ಪೆನ್ನಿನ ‘ಇತರೆ’ 9,000. ಕಿಟ್‌ನಲ್ಲಿ ಏನಿದೆ ಅಂದರೆ ಸೀಟ್ ಕವರ್, ಮ್ಯಾಟ್, ಸ್ಟೀರಿಂಗ್ ಕವರ್, ಮಡ್ ಫ್ಲ್ಯಾಪ್, ಒಂದು ಗಣಪತಿ. “ಕಿಟ್ ಬೇಡ” ಅಂದರೆ “ಕಿಟ್ ಇಲ್ಲದ ಗಾಡಿ ಬರುವುದೇ ಇಲ್ಲ” ಅಂದರು. ಗಣಪತಿ ಫ್ಯಾಕ್ಟರಿಯಿಂದಲೇ ಕೂತು ಬರುತ್ತಾನಾ ಎಂದು ನಾನು ಕೇಳಲಿಲ್ಲ. ಹತ್ತು ಸಾವಿರ ಕೊಟ್ಟು ಬುಕ್ ಮಾಡಿದೆವು. ‘ಬೆಲೆ ಡೆಲಿವರಿ ದಿನದ್ದು’ ಎಂಬ ಸಣ್ಣ ಅಕ್ಷರವನ್ನು ಮನೆಗೆ ಬಂದ ಮೇಲೆ ಓದಿದೆವು.

ಜೂನ್ ಮಧ್ಯದಲ್ಲಿ ಫೋನ್ ಮಾಡಿದರೆ “ಅಲಾಟ್‌ಮೆಂಟ್ ಬಂದಿಲ್ಲ ಸರ್, ಚಿಪ್ ಶಾರ್ಟೇಜ್” ಎಂಬ ಉತ್ತರ. ಅಕ್ಕನ ಅತ್ತೆಗೆ ಇದು ತಮಾಷೆಯಾಗಿ ಕಂಡಿತು. “ಚಿಪ್ಪಿಗೆ ಬರಗಾಲವಾ? ಮರುವಾಯಿ ಚಿಪ್ಪಿನ ಸಾರು ಮಾಡಿದ ದಿನ ಬರಲಿ, ಒಂದು ಬುಟ್ಟಿ ಕೊಡ್ತೇನೆ,” ಎಂದರು.

ಆದರೆ ಆ ಕೊರತೆ ಸುಳ್ಳಲ್ಲ. ಅದನ್ನು ಒಪ್ಪಿಕೊಳ್ಳಬೇಕು. 2020ರಲ್ಲಿ ಲಾಕ್‌ಡೌನ್ ಆದಾಗ ಕಾರು ಕಂಪನಿಗಳು ಚಿಪ್ ಆರ್ಡರ್ ನಿಲ್ಲಿಸಿದವು. ಚಿಪ್ ಮಾಡುವವರು ಆ ಜಾಗವನ್ನು ಲ್ಯಾಪ್‌ಟಾಪ್, ಮೊಬೈಲಿಗೆ ಕೊಟ್ಟರು. ಕಾರಿನವರು ವಾಪಸ್ ಬಂದಾಗ ಸಾಲಿನ ಕೊನೆಯಲ್ಲಿ ನಿಲ್ಲಬೇಕಾಯಿತು. 2021ರ ಮಾರ್ಚ್‌ನಲ್ಲಿ ಜಪಾನಿನ ರೆನೆಸಾಸ್ ಕಂಪನಿಯ ನಾಕಾ ಫ್ಯಾಕ್ಟರಿಗೆ ಬೆಂಕಿ ಬಿತ್ತು, ಆ ವರ್ಷದ ಮಧ್ಯದಲ್ಲಿ ಮಲೇಷ್ಯಾದಲ್ಲಿ ಮತ್ತೆ ಲಾಕ್‌ಡೌನ್. ಸೆಪ್ಟೆಂಬರ್ 2021ರಲ್ಲಿ ಮಾರುತಿಯೇ ತನ್ನ ಉತ್ಪಾದನೆ ಮಾಮೂಲಿಯ ಶೇ. 40ಕ್ಕೆ ಇಳಿಯಬಹುದು ಎಂದು ಹೇಳಿತ್ತು. ಕಿಟಕಿಯನ್ನು ಕೈಯಲ್ಲಿ ತಿರುಗಿಸುವ ಮೀನಿನ ಗಾಡಿಯಲ್ಲಿ ಚಿಪ್ ಎಲ್ಲಿಂದ ಬಂತು ಅಂದರೆ, 2020ರ ಏಪ್ರಿಲ್ 1ರಿಂದ ಬಂದ ಬಿಎಸ್ 6 ಎಂಬ ಹೊಗೆಯ ನಿಯಮ. ಡೀಸೆಲ್ ಎಷ್ಟು ಚಿಮ್ಮಬೇಕು, ಹೊಗೆ ಎಷ್ಟು ಶುದ್ಧವಾಗಿದೆ ಎಂದು ನೋಡುವುದೆಲ್ಲ ಒಂದು ಕಂಟ್ರೋಲ್ ಪೆಟ್ಟಿಗೆ. ಅದಿಲ್ಲದಿದ್ದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ.

ದೊಡ್ಡ ಪಿಕಪ್‌ನವರ ಪಾಡೂ ಹೀಗೇ. ಟೊಯೊಟಾ ಹೈಲಕ್ಸ್ 2022ರ ಜನವರಿಯಲ್ಲಿ ಬಂತು, ಫೆಬ್ರವರಿಯಲ್ಲೇ ಬುಕಿಂಗ್ ನಿಲ್ಲಿಸಿದರು, ಮತ್ತೆ ತೆರೆದದ್ದು 2023ರ ಜನವರಿಯಲ್ಲಿ. ಅಮೆರಿಕದಲ್ಲಿರುವ ನಮ್ಮ ಚಿಕ್ಕಮ್ಮನ ಮಗ 2022ರಲ್ಲೇ ಫೋರ್ಡ್ ಮೇವರಿಕ್ ಪಿಕಪ್ ಹಿಂದೆ ಬಿದ್ದಿದ್ದ. ಅದರ ಹೈಬ್ರಿಡ್‌ಗೆ ಜನವರಿಯಲ್ಲೇ ಆರ್ಡರ್ ಬಂದ್. ಅಲ್ಲಿ 1958ರ ಕಾನೂನಿನ ಪ್ರಕಾರ ಪ್ರತಿ ಹೊಸ ಕಾರಿನ ಗಾಜಿಗೆ ಕಂಪನಿಯ ಬೆಲೆಪಟ್ಟಿ ಅಂಟಿಸಿರಬೇಕು. ಪಿಕಪ್‌ಗಳಿಗೂ ಅಂಟಿಸುತ್ತಾರೆ. ಡೀಲರುಗಳು ಅದರ ಪಕ್ಕದಲ್ಲೇ ‘ಮಾರ್ಕೆಟ್ ಅಡ್ಜಸ್ಟ್‌ಮೆಂಟ್’ ಅಂತ ಇನ್ನೊಂದು ಚೀಟಿ ಅಂಟಿಸಿ ಸಾವಿರಾರು ಡಾಲರ್ ಏರಿಸುತ್ತಿದ್ದರಂತೆ. ಕೊನೆಗೆ ಫೋರ್ಡ್, ಜಿಎಂ ಕಂಪನಿಗಳೇ ಡೀಲರುಗಳಿಗೆ ಎಚ್ಚರಿಕೆ ಕೊಟ್ಟವು. ಅವನು ಫೋಟೊ ಕಳಿಸಿದಾಗ ನನಗೆ ಅನ್ನಿಸಿದ್ದು ಇಷ್ಟೇ: ಅಲ್ಲಿ ಸುಲಿಯುವುದಕ್ಕೂ ಒಂದು ಪ್ರಿಂಟೆಡ್ ಚೀಟಿ ಉಂಟು, ನಮ್ಮಲ್ಲಿ ಪೆನ್ನು.

ಜೂನ್ ಕೊನೆಯ ವಾರ ಶೋರೂಂನಿಂದ ಅವರೇ ಕರೆ ಮಾಡಿದರು. ಈ ಸಲ ಹುಡುಗ ಅಲ್ಲ, ಅವನ ಮೇಲಿನವರು. ಜುಲೈ ಲಾಟ್‌ನಲ್ಲಿ ನಾಲ್ಕು ಗಾಡಿ ಬರುತ್ತದೆ, ನಿಮ್ಮದು ಹನ್ನೊಂದನೇ ನಂಬರ್. 35,000 ಕ್ಯಾಶ್ ಕೊಟ್ಟರೆ ಮೇಲೆ ತರಬಹುದು. ಬಿಲ್ ಇಲ್ಲ.

ಇಲ್ಲಿ ಓದುವವರು “ಕೊಡಬಾರದು” ಅಂತ ಥಟ್ಟನೆ ಹೇಳುತ್ತಾರೆ. ಭಾವನ ಲೆಕ್ಕ ಕೇಳಿ. ಆಗಸ್ಟ್‌ನಲ್ಲಿ ಗಾಡಿ ಇಲ್ಲದಿದ್ದರೆ ಬಾಡಿಗೆ ಗಾಡಿ ಇಡಬೇಕು. ದಿನಕ್ಕೆ 2,500 ಕೈಯಿಂದ ಹೋಗುತ್ತದೆ. ಹದಿನಾಲ್ಕು ದಿನ ತಡವಾದರೆ 35,000 ಅಲ್ಲಿಗಲ್ಲಿಗೆ. ಒಂದು ತಿಂಗಳು ತಡವಾದರೆ ಕ್ಯಾಶ್ ಕೊಟ್ಟವನೇ ಜಾಣ. ಜೊತೆಗೆ ಅಂಗಡಿಯವರು ಬೇರೆಯವರ ಹತ್ತಿರ ಮೀನು ತೆಗೆದುಕೊಳ್ಳಲು ಶುರು ಮಾಡಿದರೆ ಮತ್ತೆ ತಿರುಗಿ ಬರುವುದಿಲ್ಲ. ಆ ಮೇಲಿನವರು 35,000 ಎಂಬ ಸಂಖ್ಯೆಯನ್ನು ಆಕಾಶದಿಂದ ಹಿಡಿದದ್ದಲ್ಲ. ಮಾರ್ಚ್‌ನಲ್ಲಿ ನಾವು ಕಾಫಿ ಜೊತೆ ಕೊಟ್ಟ ಮಾಹಿತಿಯಿಂದಲೇ ಬಂದದ್ದು. ಅವರು ಮಾರುತ್ತಿದ್ದದ್ದು ಗಾಡಿಯನ್ನಲ್ಲ, ಆಗಸ್ಟ್ 1 ಎಂಬ ತಾರೀಕನ್ನು.

ಭಾವ ಕೊಡಲು ತಯಾರಾಗಿದ್ದರು. ಅಕ್ಕ ದುಡ್ಡು ಎಣಿಸಿಯೂ ಇಟ್ಟಿದ್ದಳು. ನಾನು ಹೇಳಿದ್ದು ಒಂದೇ: ತಾರೀಕಿಗೆ ದುಡ್ಡು ಕೊಡುವುದಾದರೆ ತಾರೀಕು ಬರೆದು ಕೊಡಲಿ. ಮರುದಿನ ಹೋದೆವು.

“35,000 ಕೊಡ್ತೇವೆ. ಜುಲೈ 28ರೊಳಗೆ ಡೆಲಿವರಿ ಅಂತ ಲೆಟರ್‌ಹೆಡ್‌ನಲ್ಲಿ ಬರೆದು ಸೀಲ್ ಹಾಕಿ. ತಪ್ಪಿದರೆ ವಾಪಸ್ ಅಂತಲೂ ಬರೆಯಿರಿ.”

ಅವರು ನಕ್ಕರು. “ಹಾಗೆಲ್ಲ ಬರೆಯಲಿಕ್ಕೆ ಆಗ್ತದಾ ಸರ್? ಕಂಪನಿಯಿಂದ ಬರಬೇಕಲ್ವಾ?”

“ಕಂಪನಿಯಿಂದ ಬರುವುದು ನಿಮ್ಮ ಕೈಯಲ್ಲಿಲ್ಲ ಅಂತಾದರೆ 35,000 ಯಾವುದಕ್ಕೆ?”

ಅದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ. ಬರೆದು ಕೊಟ್ಟಿದ್ದರೆ ನಾವು ಕೊಟ್ಟೇ ಬಿಡುತ್ತಿದ್ದೆವು, ಸುಳ್ಳು ಹೇಳುವುದಿಲ್ಲ.

ಅಲ್ಲಿಂದ ಹೊರಗೆ ಬಂದು ನಾನು ನನ್ನ ಎರಡನೇ ತಪ್ಪನ್ನು ಸರಿ ಮಾಡಲು ಕೂತೆ. ಮಾರ್ಚ್‌ನಿಂದ ಒಂದೇ ಶೋರೂಂ ನೆಚ್ಚಿಕೊಂಡು ಕೂತದ್ದೇ ಆ ತಪ್ಪು. ಅದೇ ಕಂಪನಿಯ ಬೇರೆ ಬೇರೆ ಡೀಲರುಗಳಿಗೆ ಫೋನ್ ಮಾಡಿದೆ. ಕುಂದಾಪುರ, ಮಂಗಳೂರು, ಶಿವಮೊಗ್ಗ, ಕಾರವಾರದ ತನಕ. “ವೇಟಿಂಗ್ ಎಷ್ಟು?” ಅಂತ ಕೇಳಿದರೆ ಎಲ್ಲರೂ ಹತ್ತು ವಾರ, ಹನ್ನೆರಡು ವಾರ ಅನ್ನುತ್ತಿದ್ದರು. ಮೂರನೇ ಕರೆಯ ನಂತರ ಪ್ರಶ್ನೆ ಬದಲಿಸಿದೆ. “ಬುಕ್ ಮಾಡಿ ಗಾಡಿ ಬಂದ ಮೇಲೆ ಯಾರಾದರೂ ತೆಗೆದುಕೊಳ್ಳದೆ ಬಿಟ್ಟದ್ದು ಉಂಟಾ? ಯಾವ ಬಣ್ಣವಾದರೂ ಆಗಬಹುದು, ಪವರ್ ಸ್ಟೀರಿಂಗ್ ಇದ್ದರೆ ಸಾಕು.”

ಮಂಗಳೂರಿನ ಡೀಲರ್‌ನಿಂದ ಜುಲೈ 20ರ ಸುಮಾರಿಗೆ ವಾಪಸ್ ಕರೆ ಬಂತು. ಒಂದು ಉಂಟು. ಯಾಕೆ ಉಳಿಯಿತು ಅಂದರೆ, ಆಟಿ.

ಹೊರಗಿನವರಿಗೆ ಒಂದು ಮಾತು. ತುಳುನಾಡಿನಲ್ಲಿ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಆಟಿ ತಿಂಗಳು. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೊಸ ಗಾಡಿ ಅಂತೂ ಇಲ್ಲವೇ ಇಲ್ಲ. ಆ ವರ್ಷ ಜುಲೈ 17ಕ್ಕೆ ಆಟಿ ಹಿಡಿದಿತ್ತು. ಬಂಟ್ವಾಳ ಕಡೆಯ ಒಬ್ಬರು ಏಪ್ರಿಲ್‌ನಲ್ಲಿ ಬುಕ್ ಮಾಡಿದ ಗಾಡಿ ಜುಲೈ 18ಕ್ಕೆ ಯಾರ್ಡಿಗೆ ಬಂತು. ಒಂದು ದಿನದ ವ್ಯತ್ಯಾಸ. ಅವರ ಮನೆಯಲ್ಲಿ ಹಿರಿಯರು ಆಟಿ ಮುಗಿಯುವ ಸೋಣ ಸಂಕ್ರಮಣ ಆಗದೆ ಗಾಡಿ ಮುಟ್ಟುವುದಿಲ್ಲ ಎಂದರು. ಡೀಲರ್‌ಗೆ ಇದು ತಲೆನೋವು. ಕಂಪನಿಯಿಂದ ಗಾಡಿ ಎತ್ತಲು ಡೀಲರುಗಳು ಸಾಲ ಮಾಡಿರುತ್ತಾರೆ, ಗಾಡಿ ನಿಂತಷ್ಟು ದಿನ ಬಡ್ಡಿ ಓಡುತ್ತದೆ. ತಿಂಗಳ ಕೊನೆಗೆ ಟಾರ್ಗೆಟ್ ಬೇರೆ. ಮೊದಲ ಸಲ ಅರ್ಜೆಂಟ್ ನಮ್ಮದಲ್ಲ, ಅವರದ್ದು ಆಗಿತ್ತು. ಈ ಸಲ ನಾನು ಆಗಸ್ಟ್ 1ರ ಸುದ್ದಿಯನ್ನೇ ಎತ್ತಲಿಲ್ಲ. ಭಾವನಿಗೂ ಬಸ್ಸಿನಲ್ಲೇ ಹೇಳಿ ಬಾಯಿ ಮುಚ್ಚಿಸಿದ್ದೆ.

ಗಾಡಿ ನೋಡದೆ ದುಡ್ಡು ಕೊಡುವುದಿಲ್ಲ ಅಂದಾಗ ಬೈಕಂಪಾಡಿ ಕಡೆಯ ಯಾರ್ಡಿಗೆ ಕರೆದುಕೊಂಡು ಹೋದರು. ಜೋರು ಮಳೆ. ಕೆಂಪು ಮಣ್ಣಿನಲ್ಲಿ ಚಪ್ಪಲಿ ಹೂತುಹೋಗುತ್ತಿತ್ತು. ಸಾಲಾಗಿ ಗಾಡಿಗಳು, ಗಾಜಿಗೆ ಒಳಗಿನಿಂದ ಅಂಟಿಸಿದ ಚೀಟಿ, ಚೀಟಿಯಲ್ಲಿ ಹೆಸರು. ನಾವು ಹುಡುಕುತ್ತಿದ್ದ ಮಾಡೆಲ್ ಒಂದಲ್ಲ, ಮೂರು ಇದ್ದವು. ಒಂದರ ಕೆಳಗೆ ಗರಿಕೆ ಮೊಣಕಾಲೆತ್ತರ ಬೆಳೆದಿತ್ತು. “ಇದು?” ಅಂದರೆ “ಲೋನ್ ಪಾಸಾಗಿಲ್ಲ, ಹೆಸರಿಗೆ ಉಂಟು” ಅಂದರು. ರಾಜ್ಯ ಇಡೀ ಗಾಡಿ ಇಲ್ಲ ಅನ್ನುವ ಹೊತ್ತಿನಲ್ಲಿ ಇಲ್ಲಿ ಗಾಡಿಯ ಹೊಟ್ಟೆಗೆ ಹುಲ್ಲು ತಾಗುತ್ತಿತ್ತು. ಕೊರತೆ ಫ್ಯಾಕ್ಟರಿಯಲ್ಲಿ ನಿಜ. ಆದರೆ ಫ್ಯಾಕ್ಟರಿಯಿಂದ ಮನೆಗೆ ಬರುವ ದಾರಿಯಲ್ಲಿ ಸುಮಾರು ಗಾಡಿ ಹೀಗೆ ಸಿಕ್ಕಿಹಾಕಿಕೊಂಡಿರುತ್ತವೆ.

ನಮಗೆ ತೋರಿಸಿದ್ದು ಬಿಳಿ ಗಾಡಿ. ನಾನು ಕೊಡೆಯನ್ನು ಭಾವನ ಕೈಗೆ ಕೊಟ್ಟು ಟಯರ್ ಪಕ್ಕ ಕುಕ್ಕರುಗಾಲಲ್ಲಿ ಕೂತೆ. ಟಯರಿನ ಬದಿಯಲ್ಲಿ ಒಂದು ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಕೆಸರನ್ನು ಹೆಬ್ಬೆರಳಲ್ಲಿ ಉಜ್ಜಿದೆ. 1922. ಅಂದರೆ 2022ರ ಹತ್ತೊಂಬತ್ತನೇ ವಾರ, ಮೇ ತಿಂಗಳ ಟಯರ್. ನಾಲ್ಕಕ್ಕೂ ಅದೇ ಆಸುಪಾಸು. ಸ್ಟೆಪ್ನಿ ಒಂದು ವಾರ ಹಳೆಯದು. ಬಾಗಿಲ ಕಂಬದ ಮೇಲಿನ ಪ್ಲೇಟ್‌ನಲ್ಲಿ ತಯಾರಾದದ್ದು ಜೂನ್ 2022 ಎಂದಿತ್ತು. ಚಾಸಿಸ್ ನಂಬರಿನ ಹದಿನೇಳು ಅಕ್ಷರಗಳನ್ನು ಫೋಟೊ ತೆಗೆದುಕೊಂಡೆ, ಆಮೇಲೆ ಇನ್‌ವಾಯ್ಸ್ ಮತ್ತು ಗಾಡಿ ತಯಾರಿಸಿದ ಕಂಪನಿ ಕೊಡುವ ಫಾರಂ 22ರ ಜೊತೆ ತಾಳೆ ನೋಡಲಿಕ್ಕೆ. ಮೀಟರ್ 31 ಕಿಲೋಮೀಟರ್. ಭಾವ ಇದೆಲ್ಲ ನೋಡಲೇ ಇಲ್ಲ. ಅವರು ಡೆಕ್ ಮೇಲೆ ಹತ್ತಿ ಮೂಲೆಗಳನ್ನು ನೋಡುತ್ತಿದ್ದರು. ಮಳೆನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಇಳಿಯುತ್ತದೆ ಅಂತ. ಎಡಬದಿಯ ಹಿಂದಿನ ಮೂಲೆಯಲ್ಲಿ ಒಂದು ಅಂಗೈಯಷ್ಟು ನೀರು ನಿಂತಿತ್ತು. “ಇಲ್ಲಿ ಒಂದು ತೂತು ಕೊರೆಯಬೇಕು,” ಎಂದರು. ಅಲ್ಲಿಗೆ ಅವರ ಮನಸ್ಸು ಆಗಿದೆ ಅಂತ ನನಗೆ ಗೊತ್ತಾಯಿತು. ಡೀಲರ್ ಕಡೆಯವನಿಗೆ ಗೊತ್ತಾಗದಿದ್ದರೆ ಸಾಕಿತ್ತು.

ಮಾತುಕತೆ ಅರ್ಧ ಗಂಟೆ. ಹ್ಯಾಂಡ್ಲಿಂಗ್ ಅಲ್ಲಿಯೂ ಬರೆದಿದ್ದರು. “ಇದು ಯಾವ ಸರ್ಕಾರಿ ರಶೀದಿಗೆ ಬರುತ್ತದೆ?” ಅಂತ ಕೇಳಿದ ಮೇಲೆ ಹೊಡೆದು ಹಾಕಿದರು. ಕಿಟ್ ವಿಷಯದಲ್ಲಿ ಸ್ವಲ್ಪ ಎಳೆದಾಡಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಒಂದು ವಸ್ತು ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂದು ಷರತ್ತು ಹಾಕುವುದನ್ನು ನಿರ್ಬಂಧಕ ವ್ಯಾಪಾರ ಪದ್ಧತಿ ಎಂದೇ ಕರೆದಿದ್ದಾರೆ. ನಾನು ಅದನ್ನು ಹೇಳಿದಾಗ ಮ್ಯಾನೇಜರ್ ಚೆನ್ನಾಗಿ ಓದಿಕೊಂಡವರ ಹಾಗೆ, “ಇದು ಕಮರ್ಶಿಯಲ್ ಗಾಡಿ, ನೀವು ಗ್ರಾಹಕ ಅಲ್ಲ” ಎಂದರು. ಅರ್ಧ ಸರಿ. ಲಾಭದ ವ್ಯವಹಾರಕ್ಕೆ ಕೊಂಡವರನ್ನು ಕಾಯ್ದೆ ಗ್ರಾಹಕ ಅನ್ನುವುದಿಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿಯೇ ಬಳಸುವವರನ್ನು ಅದೇ ಕಲಂ ಹೊರಗಿಟ್ಟಿಲ್ಲ. ತಾನೇ ಓಡಿಸಿ ಮೀನು ಮಾರುವ ಭಾವ ಗ್ರಾಹಕನೇ. ನಾಲ್ಕು ಗಾಡಿ ಇಟ್ಟು ಡ್ರೈವರ್ ಇಟ್ಟವರಿಗೆ ಈ ಮಾತು ನಡೆಯುವುದು ಕಷ್ಟ. ಕೊನೆಗೆ ಮಡ್ ಫ್ಲ್ಯಾಪ್ ಮಾತ್ರ ತೆಗೆದುಕೊಂಡೆವು, ಅದನ್ನು ಅವರು ಫ್ರೀಯಾಗಿ ಕೊಟ್ಟರು.

ವಿಮೆಯನ್ನು ಹೊರಗೆ ಮಾಡಿಸಿದೆವು. ಇದಕ್ಕೆ ಯಾರೂ ಅಡ್ಡ ಬರುವ ಹಾಗಿಲ್ಲ, ಯಾವ ಕಂಪನಿಯಿಂದ ಬೇಕಾದರೂ ಮಾಡಿಸಬಹುದು. ಥರ್ಡ್ ಪಾರ್ಟಿ ಪ್ರೀಮಿಯಂ ಸರ್ಕಾರವೇ ನಿಗದಿ ಮಾಡುವುದು. 7,500 ಕೆಜಿಯೊಳಗಿನ ಗೂಡ್ಸ್ ಗಾಡಿಗೆ 2022ರ ಜೂನ್ 1ರಿಂದ 16,049, ಎಲ್ಲಿ ಮಾಡಿಸಿದರೂ ಅಷ್ಟೇ. ವ್ಯತ್ಯಾಸ ಬರುವುದೆಲ್ಲ ಉಳಿದ ಭಾಗದಲ್ಲಿ. ಉಡುಪಿಯ ಏಜೆಂಟ್ ಅದೇ ಮೌಲ್ಯಕ್ಕೆ, ಅದೇ ಕವರ್‌ಗೆ 37,200ಕ್ಕೆ ಮಾಡಿಕೊಟ್ಟ.

ಲೆಕ್ಕ ಕೂಡಿಸಿ. ವಿಮೆಯಲ್ಲಿ 9,600, ಕಿಟ್ 18,500, ಹ್ಯಾಂಡ್ಲಿಂಗ್ 12,000, ಇತರೆ 9,000, ಬಿಲ್ ಇಲ್ಲದ 35,000. ಒಟ್ಟು 84,100. ಇದು ಉಳಿತಾಯ ಅಂತ ಭಾವ ಇವತ್ತಿಗೂ ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ, ಯಾಕೆಂದರೆ ಕಾದದ್ದಕ್ಕೂ ಬೆಲೆ ಬಿತ್ತು. ಮಾರ್ಚ್‌ನ 8,92,000 ಜುಲೈಗೆ 9,14,000 ಆಗಿತ್ತು. ಆ ವರ್ಷ ಉಕ್ಕಿನ ಬೆಲೆ ಏರಿ ಎಲ್ಲ ಕಂಪನಿಗಳೂ ಒಂದರ ಹಿಂದೆ ಒಂದರಂತೆ ದರ ಏರಿಸಿದವು, ಅದನ್ನು ಯಾವ ಡೀಲರ್ ಇಳಿಸಲೂ ಸಾಧ್ಯವಿರಲಿಲ್ಲ. ರಿಸರ್ವ್ ಬ್ಯಾಂಕ್ ಮೇ 4ಕ್ಕೆ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಶೇ. 4ರಿಂದ 4.40ಕ್ಕೆ, ಜೂನ್ 8ಕ್ಕೆ 4.90ಕ್ಕೆ ಏರಿಸಿತು. ಮಾರ್ಚ್‌ನಲ್ಲಿ ಶೇ. 9.25 ಅಂದಿದ್ದ ಬ್ಯಾಂಕ್ ಜುಲೈಗೆ 9.75 ಅಂತು. ಏಳು ಲಕ್ಷಕ್ಕೆ, ಐದು ವರ್ಷಕ್ಕೆ, ಕಂತು ತಿಂಗಳಿಗೆ 171 ರೂಪಾಯಿ ಜಾಸ್ತಿ. ಸಣ್ಣದು ಅನ್ನಿಸುತ್ತದೆ, ಅರವತ್ತು ಕಂತಿಗೆ ಹತ್ತು ಸಾವಿರ ದಾಟುತ್ತದೆ. ಅಂದರೆ ಸುಮಾರು 32,000 ನಾವು ಕಾಯುವಿಕೆಗೆ ಕೊಟ್ಟಿದ್ದೇವೆ. ಮಾರ್ಚ್‌ನಲ್ಲೇ ನಾಲ್ಕು ಕಡೆ ಫೋನ್ ಮಾಡಿದ್ದರೆ ಅದರಲ್ಲಿ ಎಷ್ಟೋ ಉಳಿಯುತ್ತಿತ್ತು.

ಉಡುಪಿಯ ಶೋರೂಂನಿಂದ ಬುಕಿಂಗ್‌ನ ಹತ್ತು ಸಾವಿರ ವಾಪಸ್ ಬರುವುದೇ ಒಂದು ಕತೆ. ಏಳು ದಿನ ಅಂದವರು ತಿಂಗಳಾದರೂ ಕೊಡಲಿಲ್ಲ, ಮೇಲೆ ಸಾವಿರ ಕ್ಯಾನ್ಸಲೇಷನ್ ಚಾರ್ಜ್ ಅಂದರು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಹನ್ನೊಂದನೇ ದಿನ ಪೂರ್ತಿ ಹತ್ತು ಸಾವಿರ ಖಾತೆಗೆ ಬಂತು. ಫೋನ್ ಇಲ್ಲ, ಮಾತಿಲ್ಲ, ಮೆಸೇಜ್ ಮಾತ್ರ.

ದುಡ್ಡಿನ ಕಡೆ ಎಲ್ಲ ಮುಗಿದ ಮೇಲೆ ಉಳಿದದ್ದು ಮನೆಯ ಕಡೆ. ಅಕ್ಕನ ಅತ್ತೆ ಒಂದು ದಿನ ಮಾತೇ ಆಡಲಿಲ್ಲ. “ಬೇರೆಯವರು ಆಟಿ ಅಂತ ಬಿಟ್ಟದ್ದನ್ನು ನಾವು ತರುವುದಾ?” ಎಂಬುದು ಅವರ ಪ್ರಶ್ನೆ. ಭಾವ ಹೇಳಿದ್ದು, “ಬೋಟು ಕೂಡ ಆಟಿಯಲ್ಲೇ ಇಳಿಯುವುದಲ್ವಾ ಅಮ್ಮಾ?” ಎಂದು. ಅದಕ್ಕೆ ಅವರು ಸುಮ್ಮನಾದರು, ಒಪ್ಪಲಿಲ್ಲ. ಜುಲೈ 28ರಂದು ಆಟಿ ಅಮಾವಾಸ್ಯೆ. ಬೆಳಗ್ಗೆ ಎಲ್ಲರಿಗೂ ಪಾಲೆ ಕಷಾಯ ಕುಡಿಸಿ, ಬಾಯಿ ಕಹಿ ಇರುವಾಗಲೇ ತೀರ್ಪು ಕೊಟ್ಟರು: ಗಾಡಿ ತನ್ನಿ, ಹೂವು ಹಾಕಬೇಡಿ, ತೆಂಗಿನಕಾಯಿ ಒಡೆಯಬೇಡಿ, ಫೋಟೊ ತೆಗೆಯಬೇಡಿ. ಪೂಜೆ ಸೋಣಕ್ಕೆ.

29ರಂದು ತಂದೆವು. ಸುರತ್ಕಲ್, ಹೆಜಮಾಡಿ ಎರಡು ಟೋಲ್ ದಾಟಿ, ವೈಪರ್ ನಿಲ್ಲಿಸದೆ. ಡೀಲರ್ ಮಂಗಳೂರಿನವರಾದರೂ ವಿಳಾಸ ನಮ್ಮದಾದ್ದರಿಂದ ಉಡುಪಿಯ ನಂಬರ್ ಕೆಎ 20 ಬಂತು. ಭಾವನಿಗೆ ಅದೊಂದು ಸಮಾಧಾನ. ಬೋಟು ಇಳಿಯುವ ಹೊತ್ತಿಗೆ ಮಳೆ. ಭಟ್ಕಳದಲ್ಲಿ ಆ ವಾರ ಸುರಿದ ಮಳೆ ನೆನಪಿರಬಹುದು. 35,000 ಬೆಲೆಯ ಆ ಆಗಸ್ಟ್ 1ರಂದು ಭಾವ ಹೊಸ ಗಾಡಿಯೊಳಗೆ ಕೂತು, ಗಾಜು ಏರಿಸಿ, ಮಳೆ ನೋಡುತ್ತಾ ಕಡ್ಲೆ ತಿಂದರು.

ಸೋಣ ಸಂಕ್ರಮಣ ಆಗಸ್ಟ್ 17ಕ್ಕೆ. ಹಿಂದಿನ ರಾತ್ರಿಯೇ ಡೆಕ್ಕನ್ನು ಮೂರು ಸಲ ಸೋಪು ಹಾಕಿ ತೊಳೆದಿದ್ದರು. ದೇವಸ್ಥಾನದ ಮುಂದೆ ಭಟ್ಟರು ಬಾನೆಟ್‌ಗೆ ಕುಂಕುಮ ಇಟ್ಟು, ನಾಲ್ಕು ಚಕ್ರಕ್ಕೆ ಲಿಂಬೆಹಣ್ಣು ಇಡಿಸಿ, ಬಾಗಿಲ ಹತ್ತಿರ ಬಂದವರು ಮೂಗು ಸ್ವಲ್ಪ ಮೇಲೆತ್ತಿದರು.

“ಹೊಸ ಗಾಡಿ ಅಲ್ವಾ?”

“ಹೊಸತೇ,” ಎಂದರು ಅಕ್ಕನ ಅತ್ತೆ, ಹಿಂದಿನ ಬಾಗಿಲಿನ ಚಿಲಕಕ್ಕೆ ಅಂಟಿದ್ದ ಒಂದು ಬಂಗುಡೆಯ ಪೊರೆಯನ್ನು ಸೆರಗಿನಲ್ಲಿ ಒರೆಸುತ್ತಾ.